ಎಂಟು ನಾಯಿಗಳ ಒಂದು ದೋಣಿ

ನಮ್ಮ ಸೊಸೈಟಿಯ ಲಿಫ್ಟಿನಲ್ಲಿ ಹನುಮವ್ವನಿಗೆ ಜಾಗವಿಲ್ಲ. ‘ಕೆಲಸದವರು ಮೆಟ್ಟಿಲು ಬಳಸಬೇಕು’ ಎಂದು ಮರಾಠಿಯಲ್ಲಿ ಬರೆದು ಅಂಟಿಸಿದ್ದಾರೆ. ಈ ಕಟ್ಟಡ ಏಳುವಾಗ ನೆಲದಿಂದ ಏಳನೆಯ ಮಹಡಿಯವರೆಗೆ ತಲೆಯ ಮೇಲೆ ಕಾಂಕ್ರೀಟಿನ ಬಾಂಡ್ಲಿ ಹೊತ್ತವಳು ಅವಳು. ಆ ಚೀಟಿ ಕಂಡಾಗಲೆಲ್ಲ ನನಗೆ ಮೈ ಉರಿಯುತ್ತದೆ. ಎರಡು ಸಲ ಹರಿದೂ ಹಾಕಿದೆ. ಸೆಕ್ರೆಟರಿ ಸಮೀರ ಮೂರನೆಯದನ್ನು ಲ್ಯಾಮಿನೇಟ್ ಮಾಡಿಸಿ ಹಾಕಿದ. ಇಷ್ಟೆಲ್ಲ ಬಾಯಿ ಮಾಡುವ ನಾನೇ ಹೋದ ವರ್ಷ ಆ ಹೆಂಗಸಿಗೆ ಏನು ಮಾಡಿದೆ ಎಂಬುದನ್ನು ಈಗ ಹೇಳಬೇಕಾಗಿದೆ.

ನಾನು ಸುಮನ, ಹಾವೇರಿಯವಳು. ಬ್ಯಾಂಕಿನ ವರ್ಗಾವಣೆ ನನ್ನನ್ನೂ ಗಂಡ ಗೋವಿಂದನನ್ನೂ ನಾಶಿಕದ ಗಂಗಾಪುರ ರಸ್ತೆಗೆ ತಂದು ಹಾಕಿ ಐದು ವರ್ಷವಾಯಿತು. ಬಂದ ಮೊದಲ ವಾರ, ಮರಾಠಿ ಬಿಟ್ಟರೆ ಬೇರೆ ಮಾತು ಕಿವಿಗೆ ಬೀಳದೆ ಕಂಗಾಲಾಗಿದ್ದೆ. ಒಂದು ಮುಂಜಾನೆ ಬಾಲ್ಕನಿಯ ಕೆಳಗೆ ಯಾರೋ ಬೈಯುವುದು ಕೇಳಿಸಿತು. “ಏ ಖೋಡೀ, ನಿಂದೇನ್ ಕಚೇರಿ ಹೊತ್ತಾಗೇತೇನ? ಸಾವಕಾಶ ನಡಿ!” ಬಗ್ಗಿ ನೋಡಿದರೆ ಐವತ್ತರ ಆಸುಪಾಸಿನ ತೆಳ್ಳನೆಯ ಹೆಂಗಸು, ಸೆರಗು ಸೊಂಟಕ್ಕೆ ಸಿಗಿಸಿ ನಿಂತಿದ್ದಾಳೆ. ಅವಳ ಮುಂದೆ ತಲೆ ತಗ್ಗಿಸಿಕೊಂಡಿದ್ದದ್ದು ಕರುವಿನ ಗಾತ್ರದ ಒಂದು ಲ್ಯಾಬ್ರಡಾರ್ ನಾಯಿ. ನಮ್ಮೂರ ಕಡೆಯ ಬೈಗಳು ಕೇಳಿ ನನಗೆ ಕಣ್ಣಲ್ಲಿ ನೀರೇ ಬಂತು. ಚಪ್ಪಲಿ ಕೂಡ ಹಾಕಿಕೊಳ್ಳದೆ ಕೆಳಗೆ ಓಡಿದೆ.

ಹನುಮವ್ವ ರಾಣೇಬೆನ್ನೂರು ತಾಲೂಕಿನ ದೇವರಗುಡ್ಡದ ಕಡೆಯವಳು. ಮದುವೆಯಾದ ವರ್ಷವೇ ಗಂಡ ಧರ್ಮಣ್ಣನ ಜೊತೆ ಸೆಂಟ್ರಿಂಗ್ ಕೆಲಸಕ್ಕೆಂದು ಊರು ಬಿಟ್ಟು, ಪುಣೆ, ಇಗತಪುರಿ, ನಾಶಿಕ ಎಂದು ಕಟ್ಟಡಗಳ ಬೆನ್ನು ಹತ್ತಿದವಳು. ಕಟ್ಟಡ ಮುಗಿದರೆ ಕೂಲಿಯವರ ತಗಡಿನ ಶೆಡ್ಡು ಮುಂದಿನ ಸೈಟಿಗೆ ಹೋಗುತ್ತದೆ. ಸೈಟಿನ ನಾಯಿಗಳು ಅಲ್ಲೇ ಉಳಿಯುತ್ತವೆ. ಅವನ್ನು ಬಿಟ್ಟು ಲಾರಿ ಹತ್ತಿದ ದಿನ ತನಗೆ ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ ಎನ್ನುತ್ತಾಳೆ. ನಮ್ಮ ಕಟ್ಟಡ ಮುಗಿಯುವ ಹೊತ್ತಿಗೆ ಅವಳ ಮೊಣಕಾಲೂ ಮುಗಿದಿತ್ತು. ಧರ್ಮಣ್ಣ ಛತ್ರಪತಿ ಸಂಭಾಜಿನಗರದ ಕಾರ್ಖಾನೆಯ ಸೈಟಿಗೆ ಹೋದ. ಇವಳು ಮಾತ್ರ “ಇನ್ನ ಯಾವ ನಾಯೀನೂ ಬಿಟ್ಟು ಹೋಗಂಗಿಲ್ಲ ನಾ” ಎಂದು ಹಿಂದಿನ ಗಲ್ಲಿಯಲ್ಲೊಂದು ಕೋಣೆ ಹಿಡಿದು ಕೂತಳು. ಆ ಲ್ಯಾಬ್ರಡಾರ್ ಯಾರಿಗೂ ಬಗ್ಗದಿದ್ದಾಗ ವಾಚ್‌ಮನ್ ಇವಳನ್ನು ಕರೆದ. ಒಂದು ಎರಡಾಗಿ, ಎರಡು ನಾಲ್ಕಾಗಿ, ಈಗ ಬೆಳಿಗ್ಗೆ ಸಂಜೆ ಎಂಟು ನಾಯಿಗಳನ್ನು ತಿರುಗಾಡಿಸುತ್ತಾಳೆ. ಎಂಟರಲ್ಲಿ ಒಂದು ನಮ್ಮದು, ಶೇಂಗಾ. ಬಣ್ಣ ಹುರಿದ ಶೇಂಗಾದ್ದು, ಜಾತಿ ಬೀದಿಯದು.

ಅವಳ ತಂದೆ ಗೊರವಯ್ಯ, ಮೈಲಾರಲಿಂಗನ ಸೇವೆಯವರು. ಕರಿ ಕಂಬಳಿ ಹೊದ್ದು, ಡಮರುಗ ಬಾರಿಸುತ್ತ, ದೇವರ ಮುಂದೆ ನಾಯಿಯ ಹಾಗೆ ಬೊಗಳಿ, ದೋಣಿ ಎಂದು ಕರೆಯುವ ಮರದ ಬಟ್ಟಲಿಗೆ ಭಕ್ತರು ಹಾಕಿದ ಹಾಲು-ಬಾಳೆಹಣ್ಣನ್ನು ನೇರ ಬಾಯಿಯಿಂದಲೇ ತಿನ್ನುವ ಪದ್ಧತಿ ಅವರದು. ತಂದೆ ಹೋದ ಮೇಲೆ ಆ ದೋಣಿ ಇವಳ ಪಾಲಿಗೆ ಬಂತು. ನಮ್ಮ ಮೈಲಾರಲಿಂಗನೇ ಇಲ್ಲಿಯವರ ಖಂಡೋಬಾ. ಅವನ ಹಬ್ಬವಾದ ಚಂಪಾಷಷ್ಠಿಯ ದಿನ ಇಲ್ಲೂ ಮೊದಲ ತುತ್ತು ನಾಯಿಗೆ, ಆಮೇಲೆ ಮನುಷ್ಯರಿಗೆ. ಹಾಗಾಗಿ ಹನುಮವ್ವ ಪ್ರತಿ ವರ್ಷ ಅವತ್ತು ಸಜ್ಜೆ ರೊಟ್ಟಿಯನ್ನು ಹಾಲಿನಲ್ಲಿ ಕಿವುಚಿ ದೋಣಿ ತುಂಬಿಸಿ, ಹಿಂದಿನ ಪಾರ್ಕಿಂಗಿನಲ್ಲಿ ಎಂಟೂ ನಾಯಿಗಳನ್ನು ಸುತ್ತ ಕೂಡಿಸಿ ಉಣಿಸುತ್ತಿದ್ದಳು. ಸೊಸೈಟಿಯವರೆಲ್ಲ ಮೊಬೈಲು ಹಿಡಿದು ಇಳಿದು ಬರುತ್ತಿದ್ದರು. ಎಂಟು ಮೂತಿ, ಒಂದು ದೋಣಿ, ಒಂದು ಗುರುಗುಟ್ಟುವಿಕೆಯೂ ಇಲ್ಲ.

ಹೋದ ವರ್ಷ ಚಂಪಾಷಷ್ಠಿಗೆ ವಾರ ಮುಂಚೆ ಸಂಭಾಜಿನಗರದಲ್ಲಿ ನನ್ನ ಅತ್ತಿಗೆಯ ಗೃಹಪ್ರವೇಶ. ಹೋದವರು ಹಾಗೇ ವೇರೂಳಿನ ಗುಹೆ ನೋಡಿ, ಘೃಷ್ಣೇಶ್ವರನ ದರ್ಶನ ಮಾಡಿಕೊಂಡು ಬರೋಣವೆಂದು ನಾಲ್ಕು ದಿನ ಉಳಿದೆವು. ಶೇಂಗಾನನ್ನು ಅಲ್ಲಿಯೇ ಒಂದು ನಾಯಿಗಳ ಹಾಸ್ಟೆಲಿನಲ್ಲಿ ಬಿಟ್ಟಿದ್ದೆವು. ಹದಿನೈದು-ಇಪ್ಪತ್ತು ನಾಯಿ, ಜಾಲರಿಗೆ ಜಾಲರಿ ತಾಗಿದ ಗೂಡು. ಕರೆದುಕೊಂಡು ಬರುವಾಗ ಪಕ್ಕದ ಗೂಡಿನ ನಾಯಿ ಕೆಮ್ಮುತ್ತಿತ್ತು. “ಧೂಳು ಮೇಡಂ” ಎಂದ ಅಲ್ಲಿಯವನು. ನಾನೂ ಧೂಳು ಎಂದುಕೊಂಡೆ.

ನಾಶಿಕಕ್ಕೆ ಬಂದ ಮೂರನೆಯ ದಿನ ಶೇಂಗಾ ಕೆಮ್ಮತೊಡಗಿದ. ಗಂಟಲಲ್ಲಿ ಎಲುಬು ಸಿಕ್ಕಿ ಅದನ್ನು ಕಕ್ಕಲು ನೋಡುತ್ತಿರುವಂಥ ಒಣ ಕೆಮ್ಮು. “ಡಾಕ್ಟರಿಗೆ ತೋರಸೂಣು” ಎಂದ ಗೋವಿಂದ. “ಥಂಡಿ ಹವಾ, ಅಷ್ಟ” ಎಂದು ನಾನು ಅರಿಶಿನದ ಹಾಲು ಕುಡಿಸಿದೆ. ಮರುದಿನವೇ ಚಂಪಾಷಷ್ಠಿ. ನಿಜ ಹೇಳುತ್ತೇನೆ, ನನಗೆ ಅನುಮಾನವಿತ್ತು. ಆದರೆ ಹೇಳಿದರೆ ಶೇಂಗಾ ಒಬ್ಬನನ್ನೇ ಮನೆಯಲ್ಲಿ ಕಟ್ಟಬೇಕು, ಎಲ್ಲರೂ ಎಲ್ಲಿಗೆ ಕರೆದೊಯ್ದಿದ್ದಿರಿ ಎಂದು ಕೇಳುತ್ತಾರೆ, ಕಂಡಕಂಡವರಿಗೆ ಬುದ್ಧಿ ಹೇಳುವ ನನಗೆ ಬುದ್ಧಿ ಹೇಳುತ್ತಾರೆ. ಹಾಳು ಜಂಬ! ಬೆಳಿಗ್ಗೆ ಹನುಮವ್ವ ಬಾಗಿಲಿಗೆ ಬಂದಾಗ ಅವಳ ಎದುರೇ ಶೇಂಗಾ ಎರಡು ಸಲ ಕೆಮ್ಮಿದ.

“ಗಡಬಡಿಸಿ ನೀರು ಕುಡದಾನ” ಎಂದೆ.

ಅವಳು ಒಂದು ಕ್ಷಣ ನನ್ನ ಮುಖ ನೋಡಿದಳು. “ಹೌದೇನ್ರಿ” ಎಂದು ಬೆಲ್ಟು ಹಿಡಿದು ಇಳಿದು ಹೋದಳು.

ಅವತ್ತೂ ಎಂಟು ಮೂತಿ ಒಂದೇ ದೋಣಿಯಲ್ಲಿ ಆಡಿದವು. ಶೇಂಗಾನ ಪಕ್ಕದಲ್ಲೇ ಐದನೆಯ ಮಹಡಿಯ ಬುಂದಿ ನಿಂತಿತ್ತು. ಬುಂದಿ ಎಂದರೆ ಹನ್ನೊಂದು ವರ್ಷದ ಪಗ್, ಚಪ್ಪಟೆ ಮೂಗಿನದು, ನಾಲ್ಕು ಹೆಜ್ಜೆ ನಡೆದರೆ ಗೊರಕೆ ಹೊಡೆಯುವಂಥದು. ಅದರ ಒಡತಿ ಸರೋಜಿನಿ ಮೇಡಂ ಶಾಲೆಯಲ್ಲಿ ಗಣಿತ ಕಲಿಸುತ್ತಾರೆ. ಮಾತು ಕಡಿಮೆ, ಬುಂದಿಯೊಂದಿಗೆ ಮಾತ್ರ ಬಾಯಿ ತುಂಬ.

ನಾಲ್ಕೇ ದಿನ. ಎಂಟರಲ್ಲಿ ಆರು ನಾಯಿಗಳು ಕೆಮ್ಮುತ್ತಿದ್ದವು. ಮೂಗಿನಿಂದ ಸಿಂಬಳ, ಕೆಂಡದಂಥ ಜ್ವರ, ತಟ್ಟೆ ಮುಂದಿಟ್ಟರೆ ಮುಖ ಆಚೆ. ಬುಂದಿಯಂತೂ ಉಸಿರಿಗೊಮ್ಮೆ ಪಕ್ಕೆ ಎಳೆಯುತ್ತಿತ್ತು. ಪಶುವೈದ್ಯೆ ರುಚಿತಾ ಬಂದು ಮೂಗಿನ ದ್ರವ ತೆಗೆದು ಪರೀಕ್ಷೆಗೆ ಕಳಿಸಿದರು. ಬಂದ ಉತ್ತರ, ನಾಯಿಗಳ ಇನ್‌ಫ್ಲುಯೆಂಜಾ. ಅವತ್ತು ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸಮೀರ ಬರೆದ: ಆ ಕೆಲಸದ ಹೆಂಗಸಿನ ಕೊಳಕು ಬಟ್ಟಲಿನಿಂದ ರೋಗ ಬಂದಿದೆ, ನಾಳೆಯಿಂದ ಅವಳನ್ನು ಗೇಟಿನಲ್ಲೇ ತಡೆಯಬೇಕು. ಕೆಳಗೆ ಇಪ್ಪತ್ತಮೂರು ಹೆಬ್ಬೆರಳು. ನಾನು ಹೆಬ್ಬೆರಳು ಒತ್ತಲಿಲ್ಲ. ಬಾಯಿಯನ್ನೂ ಬಿಡಲಿಲ್ಲ.

ಹನುಮವ್ವ ಮೊದಲು ಹೋದದ್ದು ಡಾಕ್ಟರ್ ಹತ್ತಿರ. ಜೊತೆಗೆ ನಾನೂ ಹೋದೆ. ಅವಳು ಅತ್ತಾಳು ಎಂದುಕೊಂಡಿದ್ದೆ. ಅವಳು ಅಳಲಿಲ್ಲ, ಪೊಲೀಸಿನವರ ಹಾಗೆ ಪ್ರಶ್ನೆ ಕೇಳಿದಳು. ಅವಳ ಮರಾಠಿಯೂ ನನ್ನ ಕಿವಿಗೆ ರಾಣೇಬೆನ್ನೂರಿನ ಕನ್ನಡವೇ.

“ಇದು ಹ್ಯಾಂಗ ಹಬ್ಬತೈತ್ರಿ?”

“ಕೆಮ್ಮಿದಾಗ, ಸೀನಿದಾಗ ಗಾಳಿಯಲ್ಲಿ. ಒಂದೇ ಬಟ್ಟಲಿನಲ್ಲಿ ತಿಂದರೆ, ಕುಡಿದರೆ. ಮುಟ್ಟಿದವರ ಕೈ, ಬಟ್ಟೆ, ಬೆಲ್ಟಿನಿಂದಲೂ. ಕೆಮ್ಮು ಶುರುವಾಗುವ ಮುಂಚೆಯೇ ಬೇರೆಯವಕ್ಕೆ ಅಂಟುತ್ತದೆ” ಎಂದರು ರುಚಿತಾ.

“ನನ್ನ ಸೀರಿ?”

“ಬಟ್ಟೆಯ ಮೇಲೆ ಸುಮಾರು ಒಂದು ದಿನ ಇರುತ್ತದೆ, ನೆಲ, ಬಟ್ಟಲಿನ ಮೇಲೆ ಎರಡು ದಿನ. ಸೋಪಿಗೆ ಸಾಯುತ್ತದೆ.”

“ಮಂದಿಗೆ ಬರತೈತೇನು?”

“ಹಾಗೆ ಬಂದದ್ದು ಗೊತ್ತಿಲ್ಲ. ಕೈ ಮಾತ್ರ ತೊಳೆಯಿರಿ.”

“ಔಷಧ?”

“ಈ ವೈರಸ್ಸನ್ನೇ ಕೊಲ್ಲುವಂಥದ್ದು ಇಲ್ಲ. ಬೆಚ್ಚಗಿಡಬೇಕು, ನೀರು ಕುಡಿಸಬೇಕು, ಏನಾದರೂ ತಿನ್ನಿಸಬೇಕು. ಹೆಚ್ಚಿನವು ಎರಡು ಮೂರು ವಾರದಲ್ಲಿ ಚೇತರಿಸಿಕೊಳ್ಳುತ್ತವೆ. ವಯಸ್ಸಾದವು, ಮರಿಗಳು, ಚಪ್ಪಟೆ ಮೂಗಿನವು, ಇವಕ್ಕೆ ಎದೆಗೆ ಇಳಿದರೆ ಕಷ್ಟ. ಬುಂದಿಗೆ ಇಳಿದಿದೆ. ಮತ್ತೆ ಒಂದು ಮಾತು, ಮನುಷ್ಯರ ಜ್ವರದ ಮಾತ್ರೆ ಯಾರೂ ಕೊಡಬೇಡಿ. ನಾಯಿಗೆ ಅದು ವಿಷ.”

“ಎಷ್ಟ ದಿನ ಬ್ಯಾರೆ ಇಡಬೇಕ್ರಿ?”

“ನಾಲ್ಕು ವಾರ. ಕೆಮ್ಮು ನಿಂತರೂ ನಾಲ್ಕು ವಾರ.”

ಅಲ್ಲಿಂದ ಸೀದಾ ಸಮೀರನ ಆಫೀಸಿಗೆ ನಡೆದಳು. ನಾನು ಹಿಂದೆ. “ಸಾಹೇಬರ, ಇಪ್ಪತ್ತೆಂಟು ದಿನ ಕೊಡ್ರಿ” ಎಂದಳು. “ಒಂದು ನಾಯಿ ಇನ್ನೊಂದರ ಮುಖ ನೋಡದಂಗ ನಾ ಮಾಡ್ತೀನಿ. ಬುಂದಿ ಉಳೀಲಿಲ್ಲಂದ್ರ ಎಂಟೂ ಬೆಲ್ಟ್ ನಿಮ್ಮ ಟೇಬಲ್ ಮ್ಯಾಲ ಇಟ್ಟು ನಾನ ಹೋಗ್ತೀನಿ, ನೀವು ತಡೀಬೇಕಂತಿಲ್ಲ. ಉಳೀತಂದ್ರ ಗೇಟಿನ ಮಾತು ಮತ್ತ ಎತ್ತಬ್ಯಾಡ್ರಿ.” ಸಮೀರ ಆಗಲಿ ಎಂದು ತಲೆಯಾಡಿಸಿದ. ಆಗಲೂ ನಾನು ತುಟಿ ಬಿಚ್ಚಲಿಲ್ಲ.

ಮರುದಿನ ಕಂಡದ್ದು ಮಾತ್ರ ನಾನು ಬದುಕಿರುವತನಕ ಮರೆಯುವುದಿಲ್ಲ. ಆರು ಮನೆಗಳ ಬಾಗಿಲ ಹೊರಗೆ, ಆ ಮಿರಿಮಿರಿ ಮಿಂಚುವ ಹಿಡಿಕೆಗಳಿಗೆ, ಧರ್ಮಣ್ಣನ ಸಿಮೆಂಟು ಕಲೆಯ ಹಳೆಯ ಅಂಗಿಗಳು ನೇತಾಡುತ್ತಿದ್ದವು. ಒಂದು ಮನೆಗೆ ಒಂದು ಅಂಗಿ. ಒಳಗೆ ಹೋಗುವಾಗ ಸೀರೆಯ ಮೇಲೆ ಹಾಕಿಕೊಳ್ಳುವುದು, ಬರುವಾಗ ಕಳಚಿ ಅಲ್ಲೇ ತೂಗುಹಾಕುವುದು, ಮೊಣಕೈತನಕ ಸೋಪು ಹಚ್ಚಿ ತೊಳೆಯುವುದು. ಬೆಲ್ಟು ಆಯಾ ಮನೆಯಲ್ಲೇ, ಬಟ್ಟಲು ಆಯಾ ಮನೆಯಲ್ಲೇ. ಹುಷಾರಾಗಿದ್ದ ಎರಡು ನಾಯಿಗಳ ಮನೆಗೆ ಮೊದಲು, ಕೆಮ್ಮುವವುಗಳ ಮನೆಗೆ ಆಮೇಲೆ, ಬುಂದಿಗೆ ಕಟ್ಟಕಡೆಗೆ. ಈ ಕ್ರಮ ಒಂದು ದಿನವೂ ತಪ್ಪಲಿಲ್ಲ. ಧರ್ಮಣ್ಣ ಸಂಭಾಜಿನಗರದಿಂದ ಫೋನು ಮಾಡಿ ಅಂಗಿ ಎಲ್ಲಿ ಹೋದವು ಎಂದು ಕೇಳಿದರೆ, “ದೊಡ್ಡ ಮನಿಗೋಳಾಗ ಅದಾವ. ನೀ ಅಂತೂ ಒಳಗ ಬರಲಿಲ್ಲ, ನಿನ್ನ ಅಂಗಿಯರ ಬಂದಾವ” ಎಂದು ನಕ್ಕಳಂತೆ.

ಅವಳಿಗೆ ಓದು ಬರಹ ಬಾರದು. ವಾಚ್‌ಮನ್ ಕೋಣೆಯ ಹೊರಗೋಡೆಯ ಮೇಲೆ ನಾಯಿಗೊಂದು ಸಾಲಿನಂತೆ ದಿನಕ್ಕೊಂದು ಸುಣ್ಣದ ಬೊಟ್ಟು ಇಡುತ್ತಿದ್ದಳು. ಮುಚ್ಚಿದ ಜಾಗದಲ್ಲಿ ಕೆಮ್ಮು ಬೇಗ ಹಬ್ಬುತ್ತದೆಂದು ಡಾಕ್ಟರ್ ಹೇಳಿದ ಮೇಲೆ ಲಿಫ್ಟಿನಲ್ಲಿ ನಾಯಿಗಳನ್ನೂ ತರಬಾರದೆಂದು ಸಮೀರ ಹೊಸ ಚೀಟಿ ಅಂಟಿಸಿದ. ಅದನ್ನು ಓದಿ ಹೇಳಿದಾಗ ಹನುಮವ್ವ, “ಬರ್ರಿ ಬರ್ರಿ, ಎಲ್ಲಾರೂ ನನ್ನ ಸಾಲಿಗೆ ಬಂದ್ರಿ” ಎಂದು ಲ್ಯಾಬ್ರಡಾರ್‌ನ ಒಡೆಯನಿಗೇ ಕೀಟಲೆ ಮಾಡಿದಳು. ನಾನು ಬೇರೆ ಮನೆಗಳಿಗೆ ಹೋಗುವುದನ್ನು ಬಿಟ್ಟೆ, ಬ್ಯಾಂಕಿನಿಂದ ಬಂದರೆ ಶೇಂಗಾನ ಪಕ್ಕ ಕೂತಿರುತ್ತಿದ್ದೆ. ಅವನು ಎಂಟನೆಯ ದಿನಕ್ಕೇ ರೊಟ್ಟಿ ಕೇಳತೊಡಗಿದ. ಅವನು ಬಾಲ ಅಲ್ಲಾಡಿಸಿದರೆ ನಾನು ಮುಖ ಆಚೆ ತಿರುಗಿಸುತ್ತಿದ್ದೆ.

ಹತ್ತನೆಯ ದಿನ ಬುಂದಿಯನ್ನು ಆಸ್ಪತ್ರೆಯಲ್ಲಿ ಆಕ್ಸಿಜನ್ ಪೆಟ್ಟಿಗೆಯಲ್ಲಿ ಇಟ್ಟರು. ಮೂರು ದಿನದಿಂದ ಅದು ಏನೂ ತಿಂದಿರಲಿಲ್ಲ. ಅದರ ಮರುದಿನ ಭಾನುವಾರ ಬೆಳಿಗ್ಗೆ ಸಮೀರ ಪಾರ್ಕಿಂಗಿನಲ್ಲಿ ಸಭೆ ಕರೆದ. ಇಪ್ಪತ್ತೆಂಟು ದಿನ ಕಾಯುವುದೇಕೆ, ಆ ಪಗ್ ಇಂದೋ ನಾಳೆಯೋ ಎಂದು ಡಾಕ್ಟರೇ ಕೈ ಚೆಲ್ಲಿದ್ದಾರೆ, ಇವತ್ತೇ ತೀರ್ಮಾನ ಮಾಡೋಣ ಎಂದ. ಸರೋಜಿನಿ ಮೇಡಂ ಮುಂದಿನ ಕುರ್ಚಿಯಲ್ಲಿ ಕಲ್ಲಿನ ಹಾಗೆ ಕೂತಿದ್ದರು. ಹನುಮವ್ವ ಕಂಬದ ಹತ್ತಿರ ನಿಂತಿದ್ದಳು, ಕೈಯಲ್ಲಿ ಬುಂದಿಯ ತೊಳೆದ ಖಾಲಿ ಬೆಲ್ಟು. ಅದನ್ನು ಅವಳು ಮಡಿಸುತ್ತಿದ್ದಳು, ಬಿಚ್ಚುತ್ತಿದ್ದಳು, ಮತ್ತೆ ಮಡಿಸುತ್ತಿದ್ದಳು. ನನ್ನಿಂದ ಇನ್ನು ನೋಡಲಾಗಲಿಲ್ಲ.

ಎದ್ದು ನಿಂತೆ. “ರೋಗ ದೋಣಿಯಲ್ಲಿ ಹುಟ್ಟಲಿಲ್ಲ. ನಾನು ಸಂಭಾಜಿನಗರದ ಹಾಸ್ಟೆಲಿನಿಂದ ತಂದೆ. ಚಂಪಾಷಷ್ಠಿಯ ಹಿಂದಿನ ದಿನವೇ ಶೇಂಗಾ ಕೆಮ್ಮುತ್ತಿದ್ದ. ನನಗೆ ಗೊತ್ತಿತ್ತು. ಹೇಳಲಿಲ್ಲ. ಗೇಟಿನಲ್ಲಿ ತಡೆಯುವುದಾದರೆ ನನ್ನನ್ನು ತಡೆಯಿರಿ” ಎಂದೆ. ನನ್ನ ಮರಾಠಿ ಅರ್ಧಕ್ಕರ್ಧ ತಪ್ಪು. ಆದರೆ ಎಲ್ಲರಿಗೂ ತಿಳಿಯಿತು. ಸರೋಜಿನಿ ಮೇಡಂ ತಿರುಗಿ ನನ್ನನ್ನು ನೋಡಿದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅವರು ಎದ್ದು, “ಹನುಮಾಬಾಯಿ, ಚಲಾ” ಎಂದಷ್ಟೇ ಹೇಳಿ ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದರು. ನಾನು ದೂರದಿಂದ ಹಿಂಬಾಲಿಸಿದೆ.

ಪೆಟ್ಟಿಗೆಯ ಬಾಗಿಲು ತೆರೆದಾಗ ಬುಂದಿ ಕಣ್ಣು ಬಿಡಲಿಲ್ಲ. ಹನುಮವ್ವ ಮುಂದೆ ಕುಕ್ಕರಗಾಲಲ್ಲಿ ಕೂತಳು. ಬೆರಳ ತುದಿಗೆ ಬೇಯಿಸಿದ ಕೋಳಿಯ ತಿಳಿಸಾರು ಹಚ್ಚಿಕೊಂಡು, ತಲೆ ಬಗ್ಗಿಸಿ, ಗಂಟಲ ಒಳಗಿನಿಂದ ಬೊಗಳಿದಳು. ಅವಳ ತಂದೆ ದೇವರ ಮುಂದೆ ಬೊಗಳುತ್ತಿದ್ದ ಹಾಗೆ, ಸಣ್ಣಗೆ, ಎಳೆದು. ನರ್ಸು ಗಾಬರಿಯಾಗಿ ನೋಡಿದಳು. ಹನುಮವ್ವ ಯಾರ ಕಡೆಗೂ ನೋಡದೆ ಮತ್ತೆ ಬೊಗಳಿದಳು. ಎಷ್ಟು ಹೊತ್ತೋ. ಬುಂದಿಯ ಒಂದು ಕಿವಿ ಅಲ್ಲಾಡಿತು. ಆಮೇಲೆ ನಾಲಿಗೆ ಹೊರಗೆ ಬಂದು ಬೆರಳು ನೆಕ್ಕಿತು. “ಹೂಂ, ಉಣ್ಣು. ನಾ ಎಲ್ಲಿಗೂ ಹೋಗಂಗಿಲ್ಲ, ನೀನೂ ಹೋಗಬ್ಯಾಡ” ಎಂದಳು ಹನುಮವ್ವ. ಸರೋಜಿನಿ ಮೇಡಂ ಗೋಡೆಗೆ ಮುಖ ಮಾಡಿ ಬಿಕ್ಕಿ ಬಿಕ್ಕಿ ಅತ್ತರು.

ಬುಂದಿ ಉಳಿಯಿತು. ಇಪ್ಪತ್ತೆಂಟನೆಯ ಬೊಟ್ಟು ಇಟ್ಟ ದಿನ ಹನುಮವ್ವ ಆರೂ ಅಂಗಿಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿದಳು. ದೋಣಿಯನ್ನೂ ಸೋಪು ಹಚ್ಚಿ ತೊಳೆದು ಮಗ್ಗುಲಲ್ಲಿ ಒಣಗಲು ಇಟ್ಟಳು. ನಾನು ಹತ್ತಿರ ಹೋಗಿ ಕೂತೆ. ಅಷ್ಟು ದಿನ ಅವಳಿಗೆ ಮುಖ ಕೊಟ್ಟು ಮಾತಾಡಿರಲಿಲ್ಲ.

“ಹನುಮವ್ವ, ನಂದು ತಪ್ಪಾತು. ನಿನಗ ಸುಳ್ಳು ಹೇಳಿದೆ.”

“ಅಕ್ಕಾರ, ನೀವು ಹೇಳಿದ್ದು ಸುಳ್ಳು ಅಂತ ನನಗ ಆವತ್ತ ಗೊತ್ತಿತ್ತು” ಎಂದಳು ಅಂಗಿ ಜಾಡಿಸುತ್ತ. “ಸೈಟಿನ್ಯಾಗ ಇಪ್ಪತ್ತು ವರ್ಷ ನಾಯಿಗೋಳ ನಡುವ ಬಾಳೇವು ಮಾಡೀನಿ. ನೀರು ನೆತ್ತಿಗೇರಿದ ಕೆಮ್ಮು ಯಾವ್ದು, ರೋಗದ ಕೆಮ್ಮು ಯಾವ್ದು ತಿಳಿಯಂಗಿಲ್ಲೇನ್ರಿ?”

“ಮತ್ತ ಯಾಕ ಕರಕೊಂಡು ಹೋದಿ?”

“ನಮ್ಮಪ್ಪ ದೋಣಿ ಮುಂದಿಂದ ಒಂದು ನಾಯೀನೂ ಎಬ್ಬಿಸಿದವನಲ್ಲ. ಎಬ್ಬಿಸಿದ್ರ ಮೈಲಾರಪ್ಪನ್ನ ಎಬ್ಬಿಸಿದಂಗ ಅಂತಿದ್ದ. ಶೇಂಗಾ ಒಬ್ಬನ್ನ ಹ್ಯಾಂಗ ಬಿಡ್ಲಿ ಅಂತ ಮನಸ್ಸು ತಡೀಲಿಲ್ಲ. ಒಂದು ಹಬ್ಬ, ಏನಾದೀತು ಅಂದ್ಕೊಂಡೆ. ನೀವು ಮುಚ್ಚಿಟ್ರಿ, ನಾ ಗೊತ್ತಿದ್ದೂ ಕೂಡಿಸಿದೆ.”

“ಸಭಾದಾಗ ಯಾಕ ಹೇಳಲಿಲ್ಲ?”

“ಹೇಳಿದ್ದೆನಲ್ರೀ ಮೊದಲ! ಬುಂದಿ ಉಳೀಲಿಲ್ಲಂದ್ರ ನಾನ ಹೋಗ್ತೀನಿ ಅಂತ. ಸುಮ್ನ ಯಾರರ ಹಂಗ ಅಂತಾರೇನು?” ಎಂದಳು. ನಾನು ಅವಳ ಒದ್ದೆ ಕೈ ಹಿಡಿದುಕೊಂಡು ಅತ್ತುಬಿಟ್ಟೆ. “ಮೊದಲ ಕೈ ತೊಳಕೋರಿ” ಎಂದು ಗದರಿದಳು.

ಈ ವರ್ಷ ಮತ್ತೆ ಚಂಪಾಷಷ್ಠಿ ಬಂತು. ಪಾರ್ಕಿಂಗಿನಲ್ಲಿ ನಾಯಿಗಳನ್ನು ಕೂಡಿಸುವುದಿಲ್ಲ ಎಂದು ಹನುಮವ್ವ ಮುಂಚೆಯೇ ಸಾರಿದ್ದಳು. ದೋಣಿಯೇ ಮನೆ ಮನೆಗೆ ಬರುತ್ತದೆ, ಆಯಾ ನಾಯಿಯ ಬಟ್ಟಲಿಗೆ ಮೇಲಿನಿಂದ ಸೌಟಿನಲ್ಲಿ ಬಡಿಸುತ್ತೇನೆ, ಬಟ್ಟಲು ದೋಣಿಗೆ ತಾಗಬಾರದು ಎಂದು. ಬೆಳಿಗ್ಗೆ ಎಂಟಕ್ಕೆ ಶೇಂಗಾ ಎರಡು ಸಲ ಸೀನಿದ. ಧೂಳೋ, ಅಗರಬತ್ತಿಯೋ, ನನಗೇನು ಗೊತ್ತು! ತಕ್ಷಣ ಗುಂಪಿನಲ್ಲಿ ಬರೆದೆ: ಶೇಂಗಾ ಸೀನಿದ್ದಾನೆ, ಡಾಕ್ಟರಿಗೆ ಹೇಳಿದ್ದೇನೆ, ಇವತ್ತು ನಮ್ಮ ಮನೆಯ ಹತ್ತಿರ ಯಾರ ನಾಯಿಯನ್ನೂ ತರಬೇಡಿ. ಹನುಮವ್ವನಿಗೂ ಫೋನು ಮಾಡಿ ಈ ಸಲ ನಮ್ಮನ್ನು ಬಿಟ್ಟುಬಿಡು ಎಂದೆ. “ಆತ್ರಿ” ಎಂದು ಫೋನಿಟ್ಟಳು.

ಏಳೂ ಮನೆ ಮುಗಿಯಿತು. ಹನ್ನೆರಡು ದಾಟಿ, ಒಂದು ದಾಟಿತು. ಎಲ್ಲರ ಮನೆಯಲ್ಲೂ ಬದನೆಕಾಯಿ ಸುಟ್ಟು ಕಿವುಚಿ ಮಾಡುವ ಭರಿತದ ಹಬ್ಬದೂಟವಾಗಿತ್ತು. ಎರಡಕ್ಕೆ ಬಾಗಿಲು ತೆಗೆದರೆ ಹನುಮವ್ವ ನಮ್ಮ ಮಹಡಿಯ ಮೆಟ್ಟಿಲ ಮೇಲೆ ದೋಣಿ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಳೆ, ಮೊಣಕಾಲು ನೀವಿಕೊಳ್ಳುತ್ತಿದ್ದಾಳೆ. ಸೀರೆಯ ಮೇಲೆ ಧರ್ಮಣ್ಣನ ಅಂಗಿ.

“ಬ್ಯಾಡ ಅಂದಿದ್ದೆನಲ್ಲ?”

“ಬಿಡು ಅಂದ್ರ ಬಿಡಾಕ ಬರತೈತೇನ್ರಿ? ಕಡೀಕ ಬಂದೀನಿ, ಅಷ್ಟ. ಇಲ್ಲಿಂದ ಮತ್ತ ಯಾರ ಮನಿಗೂ ಹೋಗೂದಿಲ್ಲ” ಎಂದಳು.

“ಉಂಡೆಯೇನು ನೀನು?”

ಅವಳು ಎದ್ದು ಬಾಗಿಲಿಗೆ ಬಂದಳು. ಶೇಂಗಾನ ಬಟ್ಟಲಿಗೆ ಸೌಟಿನಲ್ಲಿ ಎತ್ತರದಿಂದ ಬಡಿಸಿದಳು. ಅವನು ಕೊನೆಯ ಚೂರು ನೆಕ್ಕುವತನಕ ನೋಡಿದಳು. ಆಮೇಲೆ ಒಳಗೆ ಬಂದು ಅಂಗಿ ಕಳಚಿ, ಮೊಣಕೈತನಕ ಕೈ ತೊಳೆದು, ನಮ್ಮ ಅಡುಗೆಮನೆಯಲ್ಲಿ ಕೂತಳು.

“ಹಾಕ್ರಿ ಅಕ್ಕಾರ. ಈಗ ಎಂಟೂ ಉಂಡ್ವು” ಎಂದಳು.